ದೂರದೂರಿನ ಆಕ್ಟೇವಿಯಾ ಆರ್‌ಎಸ್ ಕೊಳ್ಳುವ ಮುನ್ನ: ತಪಾಸಣೆ ಮಾಡಿಸಿ ದೋಷ ಗುರುತಿಸುವ ಕೈಪಿಡಿ

ಸ್ಕೋಡಾ ಆಕ್ಟೇವಿಯಾದ ಹೆಚ್ಚು ಶಕ್ತಿಯ ಆವೃತ್ತಿಯಾದ ಆರ್‌ಎಸ್ 230 ಮಾದರಿ 2017ರಲ್ಲಿ ಭಾರತಕ್ಕೆ ಬಂದಾಗ ಮಾರಾಟಕ್ಕಿದ್ದದ್ದು ಸುಮಾರು 500 ಕಾರುಗಳು. 2020ರಲ್ಲಿ ಪೂರ್ತಿಯಾಗಿ ಹೊರದೇಶದಲ್ಲೇ ತಯಾರಾಗಿ ಬಂದ ಆರ್‌ಎಸ್ 245ರ ಸಂಖ್ಯೆ 200 ಮಾತ್ರ. ಎರಡರಲ್ಲೂ ಇರುವುದು 2.0 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್. ಮೊದಲನೆಯದು 230 ಅಶ್ವಶಕ್ತಿ ಮತ್ತು 350 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೆ ಎರಡನೆಯದು 245 ಮತ್ತು 370 ಕೊಡುತ್ತದೆ. ಈ ಎರಡು ಮಾದರಿಗಳು ಇಡೀ ದೇಶದಲ್ಲಿ ಇರುವುದೇ ಇಷ್ಟಾದ್ದರಿಂದ, ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇರುವ ಆಸಕ್ತರಿಗೆ ಒಪ್ಪುವಂಥ ಕಾರು ಸಿಕ್ಕರೂ ಅದು ಬಹುಪಾಲು ದೆಹಲಿ, ಚಂಡೀಗಡ, ಕೊಚ್ಚಿಯಂಥ ಊರಿನಲ್ಲಿ ನಿಂತಿರುತ್ತದೆ. ಆಗ ತಪಾಸಣೆಯನ್ನು ಬೇರೆಯವರ ಕೈಗೆ ಒಪ್ಪಿಸಬೇಕಾಗುತ್ತದೆ, ಮತ್ತು ಬರುವ ವರದಿ ಹೆಚ್ಚಾಗಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತಿರುತ್ತದೆ: ಎಂಜಿನ್ ಚೆನ್ನಾಗಿದೆ, ಗೇರ್‌ಬಾಕ್ಸ್ ಸರಿಯಿದೆ, ಬಣ್ಣ ಪರವಾಗಿಲ್ಲ. ಇಂಥ ವರದಿಯಿಂದ ಯಾವ ದೋಷವೂ ಹೊರಬರುವುದಿಲ್ಲ. ಅದಕ್ಕೆ ತಪಾಸಕನ ಅಜ್ಞಾನ ಕಾರಣವಾಗಿರುವುದು ಅಪರೂಪ. ನಾವು ಅವನಲ್ಲಿ ಅಭಿಪ್ರಾಯ ಕೇಳಿರುತ್ತೇವೆ, ಅಳತೆಗಳನ್ನು ಕೇಳಿರುವುದಿಲ್ಲ. ಕೆಳಗೆ ವಿವರಿಸಿರುವ ಕ್ರಮವು ಯಾವ ಅಳತೆಯನ್ನು ಯಾವಾಗ ತೆಗೆಸಬೇಕು ಮತ್ತು ಅದು ಹೀಗೆ ಬಂದರೆ ಏನೆಂದು ತಿಳಿಯಬೇಕು ಎಂಬುದಕ್ಕೆ ಸಂಬಂಧಿಸಿದ್ದು.

ಹಣ ಖರ್ಚಾಗುವ ಮೊದಲೇ ಆಗಬಹುದಾದ ಪರೀಕ್ಷೆ

ತಪಾಸಕನನ್ನು ಕಳುಹಿಸುವ ಮೊದಲು ಮನೆಯಲ್ಲಿ ಕುಳಿತೇ ಮೂರು ಕಾಗದಗಳನ್ನು ಕೇಳಿ ತರಿಸಿಕೊಳ್ಳಬೇಕು. ಮೊದಲನೆಯದು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಛಾಸಿ ಸಂಖ್ಯೆಯ ಮೇಲೆ ಮುದ್ರಿಸಿಕೊಡುವ ಸರ್ವಿಸ್ ಇತಿಹಾಸ. ಅದರಲ್ಲಿ ಓದಬೇಕಾದದ್ದು ಯಾವ ಭಾಗ ಬದಲಾಯಿತು ಎಂಬುದಕ್ಕಿಂತ ಮೊದಲು ದಿನಾಂಕ ಮತ್ತು ಕಿಲೋಮೀಟರ್ ಎಂಬ ಎರಡು ಕಾಲಂಗಳನ್ನು. ಕಿಲೋಮೀಟರ್ ಎಲ್ಲಾದರೂ ಹಿಂದಕ್ಕೆ ಸರಿದಿದ್ದರೆ, ಅಥವಾ ವರ್ಷಕ್ಕೆ 15 ಸಾವಿರ ಓಡುತ್ತಿದ್ದ ಕಾರು ಒಮ್ಮೆಲೇ ವರ್ಷಕ್ಕೆ ಎರಡು ಸಾವಿರಕ್ಕೆ ಇಳಿದಿದ್ದರೆ, ಪ್ರಶ್ನೆ ಅಲ್ಲಿಂದಲೇ ಆರಂಭವಾಗುತ್ತದೆ. ಎರಡನೆಯದು ಈಗ ಚಾಲ್ತಿಯಲ್ಲಿರುವ ವಿಮಾ ಪಾಲಿಸಿ. ಸಮಗ್ರ ಪಾಲಿಸಿಯಾಗಿದ್ದರೆ ಅದರಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ಎಂದು ನೋಡಬೇಕು. ಕ್ಲೇಮ್ ಇಲ್ಲದೆ ವರ್ಷಗಳು ಕಳೆದಂತೆ ಈ ರಿಯಾಯಿತಿ ಶೇ 20ರಿಂದ 25, 35, 45ಕ್ಕೆ ಏರಿ ಶೇ 50ಕ್ಕೆ ನಿಲ್ಲುತ್ತದೆ. ಒಬ್ಬರೇ ಮಾಲೀಕರಿದ್ದ ಆರು ವರ್ಷದ ಕಾರಿನ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಎಂದಿದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿದೆ ಅಥವಾ ಪಾಲಿಸಿ ನಡುವೆ ಕಡಿದುಹೋಗಿದೆ. ಯಾವುದೆಂದು ಮಾರಾಟಗಾರರೇ ಕಾಗದ ತೋರಿಸಿ ಹೇಳಬೇಕು. ಎರಡನೇ ಮಾಲೀಕರ ವಿಷಯದಲ್ಲಿ ಈ ತರ್ಕ ನಡೆಯದು, ಏಕೆಂದರೆ ಬೋನಸ್ ವ್ಯಕ್ತಿಯದು, ವಾಹನದ್ದಲ್ಲ. ಮೂರನೆಯದು ನೋಂದಣಿ ಪತ್ರ. ಎಂಪರಿವಾಹನ್ ಆ್ಯಪ್‌ನಲ್ಲಿ ಕಾಣುವ ಮಾಲೀಕತ್ವದ ಕ್ರಮಸಂಖ್ಯೆ ಮತ್ತು ಸಾಲದ ನಮೂದು ಆ ಪತ್ರದೊಂದಿಗೆ ಹೊಂದಬೇಕು.

ಈ ಹಂತದಲ್ಲೇ ಕಾಗದ ಕೊಡಲು ಮೀನಮೇಷ ಎಣಿಸುವ ಮಾರಾಟಗಾರರ ಕಾರಿಗೆ ತಪಾಸಣೆಯ ಖರ್ಚು ಮಾಡುವುದು ವ್ಯರ್ಥ ಎಂದು ನನ್ನ ಅಭಿಪ್ರಾಯ.

ತಪಾಸಕನ ಆಯ್ಕೆ ಮತ್ತು ಅವನಿಗೆ ಬರೆಯುವ ಪತ್ರ

ಈ ಕಾರಿಗೆ ಬೇಕಾದವನು ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳ ಮೇಲೆ ನಿತ್ಯ ಕೆಲಸ ಮಾಡುವ, ಕಾರನ್ನು ಎತ್ತಿ ತಳ ನೋಡಲು ಸ್ವಂತ ಲಿಫ್ಟ್ ಇರುವ, ಎಲ್ಲ ಮಾಡ್ಯೂಲ್‌ಗಳನ್ನು (ಕಾರಿನ ಬೇರೆಬೇರೆ ಭಾಗಗಳ ನಿಯಂತ್ರಣ ಕಂಪ್ಯೂಟರುಗಳನ್ನು) ಓದಬಲ್ಲ ಸ್ಕ್ಯಾನರ್ ಇರುವ ಸ್ವತಂತ್ರ ಗ್ಯಾರೇಜಿನವನು. ಮನೆಬಾಗಿಲಿಗೆ ಬಂದು ನೂರಿನ್ನೂರು ಅಂಶಗಳಿಗೆ ಟಿಕ್ ಹಾಕಿ ಹೋಗುವ ಸೇವೆಗಳು ಸಾಮಾನ್ಯ ಕಾರಿಗೆ ಸಾಕಾದಾವು. ಲಿಫ್ಟ್ ಇಲ್ಲದ ತಪಾಸಣೆ ಆರ್‌ಎಸ್‌ಗೆ ಸಾಲದು. ಕಾರನ್ನು ಈ ಮೊದಲು ರಿಪೇರಿ ಮಾಡಿದ ಗ್ಯಾರೇಜನ್ನೇ ತಪಾಸಣೆಗೆ ಒಪ್ಪಬಾರದು. ಶುಲ್ಕವನ್ನು ಕೊಳ್ಳುವವರೇ ನೇರವಾಗಿ ತಪಾಸಕನಿಗೆ ಕೊಡಬೇಕು, ಮತ್ತು ಬೆಲೆಯ ಬಗ್ಗೆ ಅವನು ಮಾರಾಟಗಾರರೊಂದಿಗೆ ಒಂದು ಮಾತನ್ನೂ ಆಡಬಾರದೆಂದು ಮೊದಲೇ ತಿಳಿಸಿರಬೇಕು.

ಪತ್ರದಲ್ಲಿ ಪ್ರಶ್ನೆಗಳನ್ನು ಬರೆಯುವ ರೀತಿ ಮುಖ್ಯ. 'ಟರ್ಬೊ ಹೇಗಿದೆ' ಎಂದು ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರವೇ ಬರುತ್ತದೆ. 'ಮೂರನೇ ಗೇರಿನಲ್ಲಿ ಪೂರ್ಣ ಆಕ್ಸಿಲರೇಟರ್ ಒತ್ತಿದಾಗ ಕಂಪ್ಯೂಟರ್ ಬಯಸಿದ ಬೂಸ್ಟ್ (ಟರ್ಬೊ ಒಳದೂಡುವ ಗಾಳಿಯ ಒತ್ತಡ) ಮತ್ತು ನಿಜವಾಗಿ ಬಂದ ಬೂಸ್ಟ್‌ನ ಲಾಗ್ ಫೈಲ್ ಕಳುಹಿಸಿ' ಎಂದು ಕೇಳಿದರೆ ಫೈಲ್ ಬರುತ್ತದೆ, ಅಥವಾ ಬರುವುದಿಲ್ಲ. ಎರಡರಿಂದಲೂ ಏನೋ ಒಂದು ತಿಳಿಯುತ್ತದೆ.

ತಣ್ಣಗಿರುವ ಎಂಜಿನ್

ತಪಾಸಣೆ ಬೆಳಿಗ್ಗೆಯೇ, ರಾತ್ರಿಯಿಡೀ ನಿಂತ ಕಾರಿನ ಮೇಲೆ ಆರಂಭವಾಗಬೇಕು. ತಣ್ಣಗಿರುವಾಗ ಮಾತ್ರ ಕೇಳಿಸುವ ಮತ್ತು ಕಾಣಿಸುವ ದೋಷಗಳು ಹಲವಿವೆ. ಅವನ್ನು ಮರೆಮಾಚಲು ಮಾರಾಟಗಾರರು ತಪಾಸಕ ಬರುವ ಮೊದಲು ಕಾರನ್ನು ಒಂದು ಸುತ್ತು ಓಡಿಸಿ ನಿಲ್ಲಿಸುವುದು ಹೊಸ ಸಂಗತಿಯಲ್ಲ. ಇದನ್ನು ಹಿಡಿಯುವುದು ಸುಲಭ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಸ್ಕ್ಯಾನರಿನಲ್ಲಿ ಕೂಲಂಟ್ ಉಷ್ಣತೆಯನ್ನೂ ಒಳಬರುವ ಗಾಳಿಯ ಉಷ್ಣತೆಯನ್ನೂ ಒಟ್ಟಿಗೆ ಓದಿಸಬೇಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ಇವೆರಡೂ ಹೊರಗಿನ ಹವೆಗೆ ಹತ್ತಿರವಿರುತ್ತವೆ. ಜನವರಿಯ ದೆಹಲಿಯಲ್ಲಿ ಹೊರಗೆ 10 ಡಿಗ್ರಿ ಇರುವಾಗ ಕೂಲಂಟ್ 45 ಡಿಗ್ರಿ ತೋರಿಸಿದರೆ ಎಂಜಿನ್ ಸ್ವಲ್ಪ ಹೊತ್ತಿನ ಹಿಂದೆ ಓಡಿದೆ. ಆ ದಿನದ ತಪಾಸಣೆಯನ್ನು ಅಲ್ಲಿಗೇ ನಿಲ್ಲಿಸಿ ಮರುದಿನಕ್ಕೆ ಮುಂದೂಡುವುದು ಸರಿಯಾದ ಕ್ರಮ.

ಸ್ಟಾರ್ಟ್ ಮಾಡುವ ಕ್ಷಣವನ್ನು ಫೋನಿನಲ್ಲಿ, ಬಾನೆಟ್ ತೆರೆದಿಟ್ಟು, ಕನಿಷ್ಠ ಎರಡು ನಿಮಿಷ ಕತ್ತರಿಸದೆ ಚಿತ್ರೀಕರಿಸಲು ಹೇಳಬೇಕು. ಮೊದಲ ಕೆಲವು ಕ್ಷಣ ಲೋಹದ ಗಲಗಲ ಶಬ್ದ ಬಂದು ನಿಂತರೆ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಮೇಲೆ ಅನುಮಾನ ಬರಬೇಕು. ಈ ದೋಷಕ್ಕೆ ಹೆಚ್ಚು ಹೆಸರಾದದ್ದು 2011ರ ಲಾರಾ (ಹಿಂದಿನ ಆಕ್ಟೇವಿಯಾಕ್ಕೆ ಇಲ್ಲಿದ್ದ ಹೆಸರು) ಆರ್‌ಎಸ್‌ನಲ್ಲಿದ್ದ ಹಿಂದಿನ ತಲೆಮಾರಿನ 1.8 ಲೀಟರ್ ಎಂಜಿನ್. ಆ ಕಾರು ಕೊಳ್ಳುವವರು ಚೈನಿನ ಜೊತೆಗೆ ಎಂಜಿನ್ ಆಯಿಲ್ ಕುಡಿಯುವ ಪ್ರಮಾಣವನ್ನೂ ವಿಚಾರಿಸಬೇಕು. ಆರ್‌ಎಸ್ 230ರ ಎಂಜಿನ್ ಅದೇ ವಂಶದ ಮೂರನೇ ತಲೆಮಾರಿನದು, ಈ ಎರಡು ವಿಷಯಗಳಲ್ಲಿ ಬಹಳ ಸುಧಾರಿಸಿದೆ. ಇದರ ಪರಿಚಿತ ದೌರ್ಬಲ್ಯ ಬೇರೆ: ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಒಟ್ಟಿಗೇ ಇರುವ ಪ್ಲಾಸ್ಟಿಕ್ ಜೋಡಣೆ. ಇದು ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿ ಕುಳಿತಿರುವುದರಿಂದ ಸಣ್ಣಗೆ ಸೋರತೊಡಗಿದರೂ ಮೇಲಿನಿಂದ ಕಾಣದು. ಕೂಲಂಟ್ ಗೇರ್‌ಬಾಕ್ಸಿನ ಕವಚದ ಮೇಲೆ ಇಳಿದು ಒಣಗಿ ನಸುಗುಲಾಬಿ ಬಣ್ಣದ ಪೊರೆಯಾಗುತ್ತದೆ. ಲಿಫ್ಟಿನ ಮೇಲೆ ಟಾರ್ಚ್ ಹಿಡಿದು ಅದೇ ಜಾಗದ ಫೋಟೋ ಕೇಳಬೇಕು. ಕೂಲಂಟ್ ಟ್ಯಾಂಕಿನಲ್ಲಿ ಗುಲಾಬಿ ಅಥವಾ ನೇರಳೆಯ ಬದಲು ಹಸಿರು ದ್ರವವಿದ್ದರೆ, ಯಾರೋ ಎಲ್ಲೋ ಪೆಟ್ರೋಲ್ ಬಂಕಿನಲ್ಲಿ ತುಂಬಿಸಿದ್ದಾರೆ ಎಂದರ್ಥ. ತುಂಬಿಸಬೇಕಾಗಿ ಬಂದದ್ದು ಏಕೆ ಎಂಬುದು ಮುಂದಿನ ಪ್ರಶ್ನೆ.

ಎಂಜಿನ್ ಐಡಲ್‌ನಲ್ಲಿ ಏರಿಳಿಯುತ್ತ ಸಣ್ಣಗೆ ಸೀಟಿ ಹೊಡೆದಂಥ ಶಬ್ದ ಬರುತ್ತಿದ್ದರೆ ಆಯಿಲ್ ಮುಚ್ಚಳವನ್ನು ತೆಗೆಯಿಸಿ ನೋಡಬೇಕು. ಮುಚ್ಚಳ ಬಲವಾಗಿ ಒಳಕ್ಕೆ ಹೀರಿಕೊಂಡಂತಿದ್ದು, ಕಿತ್ತ ಕೂಡಲೇ ಸೀಟಿ ನಿಂತರೆ, ಕ್ರ್ಯಾಂಕ್‌ಕೇಸ್ ಹವೆಯನ್ನು ನಿಯಂತ್ರಿಸುವ ಪಿಸಿವಿ ವಾಲ್ವಿನ ಪೊರೆ ಹರಿದಿದೆ. ಭಾಗ ದುಬಾರಿಯಲ್ಲ, ಆದರೆ ಹಾಗೆಯೇ ಬಹಳ ದಿನ ಓಡಿಸಿದ್ದರೆ ಕ್ರ್ಯಾಂಕ್‌ನ ಹಿಂಬದಿಯ ಸೀಲ್ ಸೋರತೊಡಗಿರಬಹುದು, ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು.

ಸ್ಕ್ಯಾನ್ ವರದಿಯನ್ನು ಓದುವ ಬಗೆ

ದೂರದಿಂದ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ, ಏಕೆಂದರೆ ಇದೊಂದನ್ನು ತಪಾಸಕನ ಕಣ್ಣಿಂದಲ್ಲದೆ ನಮ್ಮ ಕಣ್ಣಿಂದಲೇ ಓದಬಹುದು. ಎಂಜಿನ್ ಮಾತ್ರವಲ್ಲ, ಗೇರ್‌ಬಾಕ್ಸ್, ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್ ಹೀಗೆ ಎಲ್ಲ ಮಾಡ್ಯೂಲ್‌ಗಳ ಪೂರ್ಣ ವರದಿಯನ್ನು, ಯಾವ ದೋಷಸಂಕೇತವನ್ನೂ ಅಳಿಸುವ ಮೊದಲು, ಫೈಲ್ ರೂಪದಲ್ಲೇ ತರಿಸಿಕೊಳ್ಳಬೇಕು. ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳನ್ನು ಓದುವ ವಿಸಿಡಿಎಸ್‌ನಂಥ ಸಾಧನ ಪ್ರತಿ ದೋಷದ ಕೆಳಗೂ ಅದು ದಾಖಲಾದಾಗಿನ ಕಿಲೋಮೀಟರನ್ನು ಮುದ್ರಿಸುತ್ತದೆ. ಓಡೋಮೀಟರ್ 42 ಸಾವಿರ ತೋರಿಸುತ್ತಿದ್ದು, ಪಾರ್ಕಿಂಗ್ ಸೆನ್ಸರಿನ ಯಾವುದೋ ಕ್ಷುಲ್ಲಕ ದೋಷದ ಕೆಳಗೆ 61 ಸಾವಿರ ಎಂದು ಬರೆದಿದ್ದರೆ, ಮೀಟರ್ ತಿರುಗಿಸಿದವನು ಆ ಮೂಲೆಯನ್ನು ಮರೆತಿದ್ದಾನೆ. ಆದರೂ ತೀರ್ಪು ಕೊಡುವ ಮೊದಲು ಆ ಮಾಡ್ಯೂಲ್ ಬೇರೆ ಕಾರಿನಿಂದ ಕಳಚಿ ಹಾಕಿದ್ದೇ ಎಂದು ಬಿಲ್ಲುಗಳಲ್ಲಿ ನೋಡಿಕೊಳ್ಳಬೇಕು. ಹಾಗಿದ್ದಲ್ಲಿ ಆ ಅಂಕಿ ಹಳೆಯ ಕಾರಿನದು.

ವರದಿಯಲ್ಲಿ ಒಂದೇ ಒಂದು ದೋಷವೂ ಇಲ್ಲದಿದ್ದರೆ ಸಂತೋಷಪಡುವ ಬದಲು ಒಂದು ಹೆಜ್ಜೆ ಮುಂದೆ ಹೋಗಬೇಕು. ಕಾರಿನೊಳಗಿನ ಸ್ವಯಂ ದೋಷಪತ್ತೆಯ ಒಬಿಡಿ ವ್ಯವಸ್ಥೆ ದೋಷಗಳನ್ನು ಅಳಿಸಿದ ನಂತರ ಕಾರು ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನೂ, ಎಷ್ಟು ಬಾರಿ ತಣ್ಣಗಿನಿಂದ ಬಿಸಿಯಾಗಿದೆ ಎಂಬುದನ್ನೂ ಲೆಕ್ಕವಿಡುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಮುಂತಾದವುಗಳ ಸ್ವಯಂಪರೀಕ್ಷೆ ಮುಗಿದಿದೆಯೇ ಇಲ್ಲವೇ ಎಂಬುದನ್ನೂ ತೋರಿಸುತ್ತದೆ. ಅಳಿಸಿ 12 ಕಿಲೋಮೀಟರ್ ಆಗಿದೆ, ಸ್ವಯಂಪರೀಕ್ಷೆಗಳು ಅಪೂರ್ಣ ಎಂದು ಬಂದರೆ, ನಿನ್ನೆಯೋ ಇಂದೋ ಯಾರೋ ಏನನ್ನೋ ಒರೆಸಿ ಹಾಕಿದ್ದಾರೆ. 'ಬ್ಯಾಟರಿ ಬದಲಿಸಿದೆವು, ಅದಕ್ಕೇ ಹೀಗೆ' ಎಂಬ ವಿವರಣೆ ಆಗ ಸಾಮಾನ್ಯವಾಗಿ ಬರುತ್ತದೆ. ಬ್ಯಾಟರಿಯ ಮೇಲಿನ ತಯಾರಿಕೆಯ ಮುದ್ರೆಯ ಫೋಟೋ ತರಿಸಿದರೆ ಮಾತು ನಿಜವೋ ಸುಳ್ಳೋ ಗೊತ್ತಾಗುತ್ತದೆ. ಹೊಸ ಬ್ಯಾಟರಿಯೇ ಆಗಿದ್ದರೆ ಕೆಲವು ದಿನ ಓಡಿಸಿ ಮತ್ತೆ ಸ್ಕ್ಯಾನ್ ಮಾಡಿಸೋಣ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಪ್ರಾಮಾಣಿಕ ಮಾರಾಟಗಾರರು ಒಪ್ಪುತ್ತಾರೆ.

ಇನ್ನು ಓಡುತ್ತಿರುವಾಗಿನ ಅಂಕಿಗಳು. ದೀರ್ಘಾವಧಿಯ ಇಂಧನ ತಿದ್ದುಪಡಿ, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡಿರುವ ಪ್ರಮಾಣ, ಸೊನ್ನೆಯ ಎರಡೂ ಬದಿಗೆ ಶೇ 5ರೊಳಗಿದ್ದರೆ ನೆಮ್ಮದಿ. ಶೇ 10 ದಾಟಿ ಮೇಲಕ್ಕಿದ್ದರೆ ಎಲ್ಲೋ ಅಳತೆಗೆ ಸಿಗದ ಗಾಳಿ ಒಳಗೆ ನುಗ್ಗುತ್ತಿದೆ. ಮೇಲೆ ಹೇಳಿದ ಪಿಸಿವಿ ವಾಲ್ವ್, ಸಡಿಲಾದ ಬೂಸ್ಟ್ ಪೈಪು ಮೊದಲ ಶಂಕಿತರು, ಮತ್ತು ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ ಎನ್ನುವ ಪಿ0171 ಸಂಕೇತ ಜೊತೆಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಬೂಸ್ಟ್ ಲಾಗ್‌ನಲ್ಲಿ ಬಯಸಿದ ಗೆರೆಯೂ ನಿಜದ ಗೆರೆಯೂ ಬಹುತೇಕ ಒಟ್ಟಿಗೇ ಏರಬೇಕು. ನಿಜದ ಗೆರೆ ಉದ್ದಕ್ಕೂ ಕೆಳಗೇ ಉಳಿದು ಬೂಸ್ಟ್ ಸಾಲದು ಎನ್ನುವ ಪಿ0299 ಸಂಕೇತ ಬಿದ್ದರೆ, ಟರ್ಬೊವನ್ನೇ ದೂರುವ ಮೊದಲು ಇಂಟರ್‌ಕೂಲರಿನ ಕೀಲುಗಳಲ್ಲಿ ಎಣ್ಣೆಯ ಜಿಡ್ಡು ಒಸರಿದೆಯೇ ಎಂದು ನೋಡಿಸಬೇಕು, ಏಕೆಂದರೆ ಸೋರುವ ಪೈಪಿಗೂ ಹೊಸ ಟರ್ಬೊಗೂ ಬೆಲೆಯಲ್ಲಿ ಅಜಗಜಾಂತರ. ಸಿಲಿಂಡರ್‌ವಾರು ಮಿಸ್‌ಫೈರ್ (ಇಂಧನ ಸರಿಯಾಗಿ ಉರಿಯದಿರುವುದು) ಎಣಿಕೆ ಒಂದೇ ಸಿಲಿಂಡರಿನಲ್ಲಿ ಏರುತ್ತಿದ್ದರೆ ಆ ಇಗ್ನಿಷನ್ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಬದಲಿಸಿ ಹಾಕಿಸಿ ಮತ್ತೆ ಎಣಿಸಬೇಕು. ಎಣಿಕೆ ಕಾಯಿಲಿನ ಜೊತೆ ಹೋದರೆ ಖರ್ಚು ಕೆಲವೇ ಸಾವಿರ. ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಪರೀಕ್ಷೆಯವರೆಗೂ ಹೋಗಬೇಕಾಗುತ್ತದೆ.

ಮರೆಮಾಚಿದ ಟ್ಯೂನಿಂಗ್

ಇಂಥ ಕಾರುಗಳಲ್ಲಿ ಟ್ಯೂನ್ ಆಗದೇ, ಅಂದರೆ ಶಕ್ತಿ ಹೆಚ್ಚಿಸುವ ಬದಲಾವಣೆ ಆಗದೇ, ಉಳಿದದ್ದನ್ನು ಹುಡುಕುವುದೇ ಕಷ್ಟ. ಟ್ಯೂನ್ ಆಗಿರುವುದು ತನ್ನಷ್ಟಕ್ಕೆ ದೋಷವಲ್ಲ. ಆಗಿದ್ದನ್ನು ಹೇಳದೆ, ಮಾರುವ ವಾರ ಮೂಲ ಸಾಫ್ಟ್‌ವೇರ್‌ಗೆ ಹಿಂತಿರುಗಿಸಿ 'ಕಂಪನಿಯಿಂದ ಬಂದ ಹಾಗೇ ಇದೆ' ಎನ್ನುವುದು ದೋಷ. ಸ್ಟೇಜ್ 1 ಎಂದು ಕರೆಯುವ ಸಾಫ್ಟ್‌ವೇರ್ ಬದಲಾವಣೆಯೊಂದೇ ಟಾರ್ಕನ್ನು ಸಾಮಾನ್ಯವಾಗಿ 400 ನ್ಯೂಟನ್ ಮೀಟರ್ ದಾಟಿಸುತ್ತದೆ, ಮತ್ತು ಆ ಹೊರೆಯೆಲ್ಲ ಹೋಗುವುದು ಕ್ಲಚ್ಚಿಗೆ. ಕಂಪ್ಯೂಟರಿನಲ್ಲಿರುವ ಪ್ರೋಗ್ರಾಮಿಂಗ್ ಎಣಿಕೆ ಮತ್ತು ಅಧಿಕೃತ ಸರ್ವಿಸ್ ದಾಖಲೆಯಲ್ಲಿರುವ ಅಪ್‌ಡೇಟ್‌ಗಳ ಸಂಖ್ಯೆ ಹೊಂದದಿದ್ದರೆ ಅನುಮಾನಿಸಬೇಕು. ಬದಲಾದ ಸಾಫ್ಟ್‌ವೇರನ್ನು ಅಧಿಕೃತ ಕೇಂದ್ರದ ಸಾಧನ ಎಂದಾದರೂ ಗುರುತಿಸಿದ್ದರೆ ಆ ಛಾಸಿ ಸಂಖ್ಯೆಗೆ ಟಿಡಿ1 ಎಂಬ ಗುರುತು ಅಂಟಿರುತ್ತದೆ.

ಸಾಫ್ಟ್‌ವೇರ್ ಹಿಂತಿರುಗಿಸಿದರೂ ಸ್ಪ್ಯಾನರಿನ ಗುರುತು ಹಿಂತಿರುಗುವುದಿಲ್ಲ. ಕಂಪನಿ ಹಾಕಿದ ಸ್ಪ್ರಿಂಗ್ ಕ್ಲಿಪ್‌ಗಳ ಜಾಗದಲ್ಲಿ ಸ್ಕ್ರೂ ತಿರುಗಿಸಿ ಬಿಗಿಸುವ ಕ್ಲಿಪ್‌ಗಳಿದ್ದರೆ, ಟರ್ಬೊದಿಂದ ಹೊಗೆ ಒಯ್ಯುವ ಡೌನ್‌ಪೈಪಿನ ನಟ್ಟುಗಳು ಸುತ್ತಲಿನ ತುಕ್ಕುಬಣ್ಣದ ನಡುವೆ ಹೊಳೆಯುತ್ತಿದ್ದರೆ, ಏರ್ ಫಿಲ್ಟರ್ ಪೆಟ್ಟಿಗೆಯ ಸ್ಕ್ರೂ ತಲೆಗಳು ಸವೆದಿದ್ದರೆ, ಏನೋ ಬಿಚ್ಚಿ ಮತ್ತೆ ಜೋಡಿಸಲಾಗಿದೆ. ಈ ಮೂರು ಜಾಗಗಳ ಹತ್ತಿರದ ಫೋಟೋಗಳನ್ನು ಹೆಸರಿಸಿಯೇ ಕೇಳಬೇಕು.

ಗೇರ್‌ಬಾಕ್ಸ್

ಎರಡು ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸ್ ಆದ ಡಿಎಸ್‌ಜಿ ಎಂದ ಕೂಡಲೇ ಕೆಲವು ತಪಾಸಕರು ತಲೆಯಾಡಿಸಿ ಬಿಡುತ್ತಾರೆ. ಕುಖ್ಯಾತಿ ಪಡೆದದ್ದು ಸಾಮಾನ್ಯ ಆಕ್ಟೇವಿಯಾಗಳಲ್ಲಿದ್ದ, ಒಣ ಕ್ಲಚ್ಚಿನ ಏಳು ವೇಗದ ಡಿಕ್ಯೂ200. ಆರ್‌ಎಸ್ 230ರಲ್ಲಿರುವುದು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಆರು ವೇಗದ ಪೆಟ್ಟಿಗೆ, 245ರಲ್ಲಿರುವುದು ಅದೇ ಬಗೆಯ ಏಳು ವೇಗದ್ದು. ಇವು ಗಟ್ಟಿ, ಆದರೆ ಎಣ್ಣೆಯ ಮೇಲೆ ಬದುಕುವಂಥವು. ಆರು ವೇಗದ್ದಕ್ಕೆ 60 ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಬದಲಾಗಬೇಕು. ಬಿಲ್ಲಿನಲ್ಲಿ ಸುಮಾರು ಐದು ಲೀಟರ್ ಡಿಎಸ್‌ಜಿ ಎಣ್ಣೆ ಮತ್ತು ಫಿಲ್ಟರಿನ ಪ್ರತ್ಯೇಕ ನಮೂದು ಕಾಣದಿದ್ದರೆ ಕೆಲಸ ಆಗಿಲ್ಲವೆಂದೇ ಲೆಕ್ಕ.

ಪರೀಕ್ಷೆ ಗೇರ್‌ಬಾಕ್ಸ್ ಎಣ್ಣೆ ಪೂರ್ತಿ ಬಿಸಿಯಾದ ಮೇಲೆ, ಊರಿನ ನಿಂತು ಹೊರಡುವ ಸಂಚಾರದಲ್ಲಿ ನಡೆಯಬೇಕು. ಬ್ರೇಕ್ ಬಿಟ್ಟಾಗ ಕಾರು ನಯವಾಗಿ ತೆವಳಬೇಕು. ಒಂದರಿಂದ ಎರಡಕ್ಕೆ ಏರುವಾಗ ನಡುಕ ಬಂದರೆ ಕ್ಲಚ್ ಸವೆದಿರಬಹುದು, ಹಳೆಯ ಎಣ್ಣೆಯೂ ಕಾರಣವಾಗಿರಬಹುದು. ರಿವರ್ಸ್‌ನಿಂದ ಡ್ರೈವ್‌ಗೆ ಹಾಕಿದಾಗ ತಡವಾಗಿ ಧಡ್ ಎಂದು ಹಿಡಿದರೆ ಗೇರ್ ಬದಲಾವಣೆಯನ್ನು ನಿಯಂತ್ರಿಸುವ ಮೆಕಾಟ್ರಾನಿಕ್ಸ್ ಘಟಕದ ಮೇಲೆ ಅನುಮಾನ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ಆಗುವಾಗ ಗಡಗಡ ಎನ್ನುತ್ತಿದ್ದು ಎಂಜಿನ್ ವೇಗ ಏರಿದ ಕೂಡಲೇ ನಿಂತರೆ ಎಂಜಿನ್ನಿನ ಕಂಪನವನ್ನು ಗೇರ್‌ಬಾಕ್ಸಿಗೆ ತಲುಪದಂತೆ ತಗ್ಗಿಸುವ ಡ್ಯುಯಲ್ ಮಾಸ್ ಫ್ಲೈವೀಲ್ ಸಡಿಲಾಗಿದೆ. ಈ ಕೊನೆಯದು ಫೋನಿನ ಮೈಕಿನಲ್ಲಿ ಸರಿಯಾಗಿ ಸಿಗುವುದಿಲ್ಲ, ಆದ್ದರಿಂದ ತಪಾಸಕನ ಕಿವಿಯನ್ನೇ ನಂಬಬೇಕು.

ಮೈ, ತಳ ಮತ್ತು ನೀರು

ಬಣ್ಣದ ದಪ್ಪ ಅಳೆಯುವ ಗೇಜು ಇಲ್ಲದೆ ಬಣ್ಣದ ಬಗ್ಗೆ ಮಾತಾಡಿಸಬಾರದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್ ಇರುತ್ತದೆ, ಮತ್ತೆ ಬಳಿದದ್ದು 250ರ ಆಚೆಗೆ, ಪುಟ್ಟಿ ತುಂಬಿದ್ದು 500ರ ಆಚೆಗೆ ಹೋಗುತ್ತದೆ. ನಮ್ಮ ಊರುಗಳ ಸಂಚಾರದಲ್ಲಿ ಓಡಿದ ಕಾರಿನ ಒಂದು ಬಾಗಿಲಿಗೆ ಬಣ್ಣ ಬಳಿದಿದ್ದರೆ ಅದೊಂದು ಸಂಗತಿಯೇ ಅಲ್ಲ. ಛಾವಣಿ, ಬಾಗಿಲಿನ ಕಂಬಗಳು, ಡಿಕ್ಕಿಯ ನೆಲದ ಅಂಕಿ ಏರಿದ್ದರೆ ಅದು ಬೇರೆ ಮಾತು. ಎಲ್ಲ ಗಾಜುಗಳ ಮೂಲೆಯ ವರ್ಷದ ಗುರುತು ಒಂದಕ್ಕೊಂದು ಹೊಂದಬೇಕು. ಮುಂಗಾಜೊಂದು ಬೇರೆಯಾಗಿದ್ದರೆ ಕಲ್ಲು ಬಿದ್ದಿರಬಹುದು, ಪಕ್ಕದ ಎರಡು ಗಾಜು ಬೇರೆಯಾಗಿದ್ದರೆ ಆ ಬದಿಗೆ ಪೆಟ್ಟು ಬಿದ್ದಿದೆ.

ತಳದಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಎಂಜಿನ್ ಆಯಿಲ್ ನಿಲ್ಲುವ ತೊಟ್ಟಿಯಾದ ಆಯಿಲ್ ಸಂಪ್. ಈ ಎಂಜಿನ್ನಿನ ಸಂಪಿನ ಕೆಳಭಾಗ ಪ್ಲಾಸ್ಟಿಕ್ಕಿನದು, ನಮ್ಮ ರಸ್ತೆಗಳ ಹಂಪುಗಳಾದರೋ ಯಾವ ಅಳತೆಗೂ ಸಿಗದಂಥವು. ಸಂಪ್ ಗಾರ್ಡ್ ಇದ್ದರೆ ಬಿಚ್ಚಿಸಿಯೇ ನೋಡಬೇಕು, ಅಂಚಿನಲ್ಲಿ ಹೊಸ ಸೀಲಂಟ್ ಕಂಡರೆ ಕಾರಣ ಕೇಳಬೇಕು. ಬ್ರೇಕ್ ಡಿಸ್ಕಿನ ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ, ಪಕ್ಕದಲ್ಲಿ ಕ್ಯಾಲಿಪರ್ ಹಿಡಿದ ಫೋಟೋ ಸಾಕು. ಟೈರಿನ ನಾಲ್ಕಂಕಿಯ ಗುರುತು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ.

ನೆರೆಯ ನೀರಿನಲ್ಲಿ ನಿಂತ ಕಾರು ಊರು ಬದಲಿಸಿ ಮಾರಾಟಕ್ಕೆ ಬರುವುದು ಮಾಮೂಲು. 2018ರ ಆಗಸ್ಟ್‌ನಲ್ಲಿ ಕೇರಳ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವಭಾಗ, 2023ರ ಜುಲೈನಲ್ಲಿ ಯಮುನೆ ಉಕ್ಕಿದಾಗ ದೆಹಲಿ, ಅದೇ ಡಿಸೆಂಬರ್‌ನಲ್ಲಿ ಚೆನ್ನೈ ನೀರಿನಲ್ಲಿ ನಿಂತವು. ಸರ್ವಿಸ್ ಇತಿಹಾಸದಲ್ಲಿ ಆ ತಿಂಗಳುಗಳ ಸುತ್ತ ಏನಿದೆ ಎಂದು ನೋಡಬೇಕು. ಒಳಾಂಗಣವನ್ನು ತೊಳೆದು ಅತ್ತರು ಹೊಡೆಯಬಹುದು, ಆದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಸುರುಳಿಯ ಒಳತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಯ ತುಕ್ಕು, ಕಾರ್ಪೆಟ್ ಅಡಿಯ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಇದನ್ನೇ ದೃಢಪಡಿಸುತ್ತವೆ. ನೀರು ಕಂಡ ಕಾರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು. ಅದರ ವೈರಿಂಗ್ ದೋಷಗಳಿಗೆ ತಲೆಬುಡ ಇರುವುದಿಲ್ಲ.

ವರದಿ ಕೈಗೆ ಬಂದ ಮೇಲೆ

ವಾಟರ್ ಪಂಪ್, ಪಿಸಿವಿ ವಾಲ್ವ್, ಕಾಯಿಲ್, ಟೈರ್, ಬ್ರೇಕ್, ಡಿಎಸ್‌ಜಿ ಎಣ್ಣೆ ಇವೆಲ್ಲ ಬೆಲೆಯಲ್ಲಿ ಕಳೆಯಬಹುದಾದ ಖರ್ಚುಗಳು. ಫ್ಲೈವೀಲ್ ಮತ್ತು ಕ್ಲಚ್ಚೂ ದೊಡ್ಡ ಮೊತ್ತವೇ ಆದರೂ ಅಂದಾಜು ಪಟ್ಟಿ ಮುಂದಿಟ್ಟು ಮಾತಾಡಬಹುದು. ಕಿಲೋಮೀಟರ್ ತಿರುಗಿಸಿದ್ದು, ನೀರು ನುಗ್ಗಿದ್ದು, ಕಂಬ ಅಥವಾ ತಳದ ಚೌಕಟ್ಟು ಕತ್ತರಿಸಿ ಬೆಸೆದದ್ದು ಚೌಕಾಸಿಯ ವಿಷಯಗಳಲ್ಲ. ಕರ್ನಾಟಕಕ್ಕೆ ತರುವವರು ತೆರಿಗೆಯನ್ನೂ ಇದೇ ಲೆಕ್ಕದಲ್ಲಿ ಸೇರಿಸಬೇಕು: 20 ಲಕ್ಷ ರೂಪಾಯಿ ಮೀರಿದ ಹೊಸ ಕಾರಿಗೆ ಇಲ್ಲಿ ಜೀವಾವಧಿ ತೆರಿಗೆ ಶೇ 18, ಮೇಲೆ ಸೆಸ್, ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ಅದು ಇಳಿಯುತ್ತದೆ. ದೆಹಲಿಯ ಕಾರು ಅಗ್ಗವಾಗಿ ಕಂಡ ವ್ಯತ್ಯಾಸದ ಬಹುಭಾಗ ಇಲ್ಲೇ ಕರಗಬಹುದಾದ್ದರಿಂದ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮೊತ್ತ ವಿಚಾರಿಸದೆ ಮುಂಗಡ ಕೊಡಬಾರದು. ಹೊರರಾಜ್ಯಕ್ಕೆ ಒಯ್ಯಲು ಫಾರಂ 28ರ ಎನ್‌ಒಸಿ, ವರ್ಗಾವಣೆಗೆ ಫಾರಂ 29 ಮತ್ತು 30, ಸಾಲವಿದ್ದಲ್ಲಿ ಬ್ಯಾಂಕಿನ ಸಹಿಯಿರುವ ಫಾರಂ 35 ಬೇಕು.

ಕಾರನ್ನು ಲಾರಿಗೆ ಏರಿಸುವ ದಿನ ಓಡೋಮೀಟರಿನ ಮತ್ತು ನಾಲ್ಕೂ ಬದಿಯ ಫೋಟೋ ತೆಗೆಸಿ, ಸಾಗಣೆ ವಿಮೆ ಕಾರಿನ ಪೂರ್ಣ ಮೌಲ್ಯಕ್ಕಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇಳಿಸಿಕೊಂಡ ಮೇಲೆ ಸಾಗಣೆಯವನ ರಸೀದಿಗೆ ಸಹಿ ಹಾಕುವ ಮೊದಲು ಇನ್ನೊಮ್ಮೆ ಪೂರ್ಣ ಸ್ಕ್ಯಾನ್ ಮಾಡಿ, ಛಾಸಿ ಸಂಖ್ಯೆಯನ್ನೂ ಮಾಡ್ಯೂಲ್‌ಗಳ ಪಟ್ಟಿಯನ್ನೂ ತಪಾಸಕ ಕಳುಹಿಸಿದ ಫೈಲಿನೊಂದಿಗೆ ಸಾಲು ಸಾಲಾಗಿ ಹೋಲಿಸಿ ನೋಡಿ, ವ್ಯತ್ಯಾಸವೇನಾದರೂ ಇದ್ದರೆ ಆ ರಸೀದಿಯಲ್ಲೇ ಬರೆಸಬೇಕು.